ಹೆಡ್‌ಫೋನಿನ ಗುಂಯ್ ಮತ್ತು ಅವ್ವನ ಕರಿಬೇವು

ಕಂಪ್ಯೂಟರಿಗೆ ಹೊಸ ಹೆಡ್‌ಫೋನ್ ತರಬೇಕೆಂದು ಚಪ್ಪಲಿ ಮೆಟ್ಟಿ ನಿಂತವರು ಸ್ವಲ್ಪ ತಡೆಯಿರಿ. ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ. ನನ್ನ ಕಥೆ ಮುಗಿದ ಮೇಲೆ ಹೋದರೂ ಅದೇ ಹೆಡ್‌ಫೋನ್ ಅದೇ ಗಾಜಿನ ಹಿಂದೆ ನೇತಾಡುತ್ತಿರುತ್ತದೆ. ನನಗೆ ಹೀಗೆ ತಡೆಯಿರಿ ಎಂದು ಹೇಳುವವರು ಯಾರೂ ಇರಲಿಲ್ಲ. ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲ, ಅದು ಬೇರೆ ಮಾತು. ಇದನ್ನೆಲ್ಲ ನಾನು ಯಾವ ಕಾಲೇಜಿನಲ್ಲೂ ಕಲಿತವನಲ್ಲ. ಧಾರವಾಡದ ಆಚೆಯ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಎತ್ತಿಕೊಡುವುದು ನನ್ನ ಕೆಲಸ. ಹುಬ್ಬಳ್ಳಿಯಿಂದ ಕಂಪನಿ ಬಸ್ಸಿನಲ್ಲಿ ಹೋಗಿ ಬರುವಾಗ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಪಂಡಿತನಾದವನು. ಇಂಥ ಪಾಂಡಿತ್ಯದ ತೊಂದರೆ ಒಂದೇ. ವಿಡಿಯೋ ಅರ್ಧ ಆಗುವಷ್ಟರಲ್ಲಿ ಇಳಿಯುವ ಸ್ಟಾಪು ಬಂದುಬಿಡುತ್ತದೆ.

ವಿಷಯ ಇಷ್ಟು. ನಾವು ಐವರು ಗೆಳೆಯರು ಸಂಜೆ ಹೊತ್ತು ನಮ್ಮ ನಮ್ಮ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಬಂದೂಕಿನ ಆಟ ಆಡುತ್ತೇವೆ. ಈ ಕಡೆ ಐದು ಮಂದಿ, ಆ ಕಡೆ ಐದು ಮಂದಿ. ಆಟ ನೋಡದವರು ಇದೆಲ್ಲ ಕಣ್ಣಿನ ಕೆಲಸ ಎಂದುಕೊಳ್ಳುತ್ತಾರೆ. ಅಲ್ಲ. ಗೋಡೆಯ ಆಚೆ ಇರುವವನು ಕಣ್ಣಿಗೆ ಕಾಣುವುದಿಲ್ಲ, ಅವನ ಹೆಜ್ಜೆ ಸಪ್ಪಳ ಮಾತ್ರ ಕೇಳುತ್ತದೆ. ಎಡದಿಂದ ಬಂದನೋ ಬಲದಿಂದ ಬಂದನೋ ಕಿವಿಯೇ ಹೇಳಬೇಕು. ತಂಡದಲ್ಲಿ ನನ್ನ ಕೆಲಸ ಹಿಂದೆ ನಿಂತು ಕಾವಲು ಕಾಯುವುದು, ಸಪ್ಪಳ ಕೇಳಿ ಮೈಕಿನಲ್ಲಿ ಉಳಿದವರಿಗೆ ಹೇಳುವುದು, ಬಂದವನನ್ನು ಹೊಡೆಯುವುದು. ಹೇಳಲು ಸುಲಭವಾಗಲೆಂದು ಆಟದೊಳಗಿನ ಜಾಗಗಳಿಗೆ ನಮ್ಮೂರಿನ ಹೆಸರು ಇಟ್ಟುಕೊಂಡಿದ್ದೇವೆ. ಎರಡು ಗೋಡೆ ನಡುವಿನ ಇಕ್ಕಟ್ಟಿನ ಸಂದಿಗೆ ನಮ್ಮ ಓಣಿಯದೇ ಹೆಸರು, ಕಮರಿಪೇಟೆ. ಮೂಟೆ, ಪೆಟ್ಟಿಗೆ ಪೇರಿಸಿಟ್ಟ ಬಯಲಿಗೆ ಮಾರ್ಕೆಟ್ ಯಾರ್ಡ್ ಇರುವ ಅಮರಗೋಳದ ಹೆಸರು. ನಮ್ಮಲ್ಲಿ ಒಬ್ಬನೇ ಒಬ್ಬ ಧಾರವಾಡದವನು, ಇರ್ಫಾನ್. ನಮ್ಮೂರಿಗೂ ಒಂದು ಜಾಗ ಬೇಕು ಎಂದು ಅವನು ಜಗಳ ತೆಗೆದ. ವೈರಿಗಳೂ ಬರದ, ನಾವೂ ಹೋಗದ, ಸುಮ್ಮನೆ ತಣ್ಣಗೆ ಕೂತಿರಬಹುದಾದ ಒಂದು ಮೂಲೆ ಇತ್ತು. ಅದಕ್ಕೆ ಧಾರವಾಡ ಎಂದು ಹೆಸರಿಟ್ಟೆವು. ಅವನು ಬೇಜಾರು ಮಾಡಿಕೊಳ್ಳಲಿಲ್ಲ, ಹೆಮ್ಮೆಯನ್ನೇ ಪಟ್ಟ.

ನನ್ನ ಹತ್ತಿರ ಇದ್ದದ್ದು ಮೊಬೈಲಿನ ಜೊತೆ ಬಂದಿದ್ದ ಹಳೆಯ ಇಯರ್‌ಫೋನ್. ಅದರಲ್ಲಿ ಬಲಗಿವಿ ಜೋರು, ಎಡಗಿವಿ ಸಣ್ಣದು. ಹೀಗಾಗಿ ಲೋಕದ ಎಲ್ಲ ವೈರಿಗಳೂ ನನಗೆ ಬಲಗಡೆಯಿಂದಲೇ ಬರುತ್ತಿದ್ದರು. ನಾನು ಬಲಕ್ಕೆ ತಿರುಗಿ ನಿಲ್ಲುವುದು, ಎಡದಿಂದ ಬಂದವನು ಹೊಡೆಯುವುದು, ನಾನು ಸಾಯುವುದು. ಪ್ರತಿ ಸಲವೂ "ಸೌಂಡ್ ಸರಿ ಇಲ್ಲಲೇ" ಎನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ. ಅಷ್ಟರಲ್ಲಿ ಹುಬ್ಬಳ್ಳಿಯ ಒಂದು ಕಂಪ್ಯೂಟರ್ ಅಂಗಡಿಯವರು ಈ ಆಟದ ಪಂದ್ಯ ಇಟ್ಟರು. ನಮ್ಮ ತಂಡದ ನಾಯಕ ಬಸ್ಯಾ, ಹಗಲಲ್ಲಿ ಅಪ್ಪನ ಪೈಪಿನ ಅಂಗಡಿ ನೋಡಿಕೊಳ್ಳುವವನು, ಹೆಸರು ಕೊಟ್ಟು ಬಂದ. ಬಂದವನೇ ನನಗೆ ಫೋನು ಹಚ್ಚಿದ.

"ಮಂಜ್ಯಾ, ಪಂದ್ಯಾದಾಗ ನಿನ್ನ ಕಿವಿ ಮ್ಯಾಲ ನಾಲ್ಕು ಮಂದಿ ಜೀವ ಐತಿ. ಸೌಂಡ್ ಸರಿ ಮಾಡ್ಕೊ. ಇಲ್ಲಂದ್ರ ನಮ್ಮ ಮಾಮಾನ ಮಗಾ ಕಾಯಾಕತ್ತಾನ, ಅಂವನ್ನ ತಗೋತೇನಿ. ಆಮ್ಯಾಲ ಸಿಟ್ಟಾಗಬ್ಯಾಡ."

ಅವನ ಮಾಮನ ಮಗನನ್ನು ನಾನು ಬಲ್ಲೆ. ಅವನಿಗೆ ಎರಡೂ ಕಿವಿ ಸರಿ ಇವೆ. ಈ ತಂಡ ಬಿಟ್ಟರೆ ನನಗೆ ಸಂಜೆ ಹೊತ್ತು ಮಾತಾಡಲು ನಟ್ಟು ಬೋಲ್ಟುಗಳೇ ಗತಿ. ಹೀಗಾಗಿ ಸಂಬಳದ ಮರುದಿನವೇ ಅಂಗಡಿಗೆ ಹೋದೆ.

ಅಂಗಡಿಯವನು ಮೊದಲು ತೆಗೆದು ತೋರಿಸಿದ್ದು ಗೇಮಿಂಗ್ ಹೆಡ್‌ಸೆಟ್. ಕಿವಿಯ ಮೇಲೆ ಕೆಂಪು, ಹಸಿರು, ನೀಲಿ ದೀಪ ಹತ್ತಿ ಆರುತ್ತಿದ್ದವು, ಗಣಪತಿ ಮಂಟಪದ ಹಾಗೆ. "ಸರ್, ಲೈಟ್ ನೋಡ್ರಿ" ಎಂದ. ಕಿವಿಯ ಮೇಲೆ ಹಾಕಿಕೊಂಡ ಮೇಲೆ ಆ ದೀಪ ನನಗೆ ಹೇಗೆ ಕಾಣುತ್ತದೆ ಎಂದು ಕೇಳಿದೆ. ಅವನು ಅದನ್ನು ವಾಪಸ್ ಡಬ್ಬಿಗೆ ಹಾಕಿದ. ಇಲ್ಲಿ ಮಾತ್ರ ನನ್ನ ಬಸ್ಸಿನ ಪಾಂಡಿತ್ಯ ಕೆಲಸಕ್ಕೆ ಬಂತು, ನೀವೂ ಬರೆದಿಟ್ಟುಕೊಳ್ಳಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ದೀಪಕ್ಕೆ ಕೊಡಬೇಡಿ. ಹಾಡು ಕೇಳುವವರು ಕೊಳ್ಳುವ ಸಾದಾ ವೈರಿನ ಹೆಡ್‌ಫೋನ್ ತೆಗೆದುಕೊಳ್ಳಿ, ಅಂಗಿಗೆ ಸಿಕ್ಕಿಸುವ ಒಂದು ಸಣ್ಣ ಮೈಕ್ ಬೇರೆ ತೆಗೆದುಕೊಳ್ಳಿ. ಎರಡನ್ನೂ ಕಂಪ್ಯೂಟರಿನ ಮುಂದಿನ ತೂತಿಗೆ ಚುಚ್ಚದೆ ಹಿಂದಿನ ತೂತಿಗೆ ಚುಚ್ಚಿ. ಸೆಟ್ಟಿಂಗಿನಲ್ಲಿ ಸೌಂಡು ಚಂದ ಮಾಡುತ್ತೇವೆ ಎಂದು ಇರುವ ಎಲ್ಲವನ್ನೂ ಆರಿಸಿ. ಇಷ್ಟೇ. ನಾನು ಇಷ್ಟೂ ಮಾಡಿದೆ. ಕಿವಿಗೆ ಹಾಕಿಕೊಂಡು ಆಟ ಶುರು ಮಾಡಿದರೆ, ಗುಂಯ್.

ಹಳೆಯ ಇಯರ್‌ಫೋನಿನಲ್ಲಿಯೂ ಈ ಗುಂಯ್ ಇದ್ದಿರಬೇಕು. ಆ ಇಯರ್‌ಫೋನ್ ಅದನ್ನೂ ಸರಿಯಾಗಿ ಕೇಳಿಸುತ್ತಿರಲಿಲ್ಲ, ಅಷ್ಟೇ. ಒಳ್ಳೆಯ ಹೆಡ್‌ಫೋನು ಗುಂಯ್ಯನ್ನೂ ಒಳ್ಳೆಯದಾಗಿಯೇ ಕೇಳಿಸಿತು. ಹೊಸ ಮೈಕು ಅದನ್ನು ಉಳಿದ ನಾಲ್ವರಿಗೂ ಮುಟ್ಟಿಸಿತು.

"ಏನ್ಲೇ, ಹಿಟ್ಟಿನ ಗಿರಣಿ ಹಾಕಿಯೇನು?" ಎಂದ ಇರ್ಫಾನ್. "ಜ್ವಾಳಾ ತರ್ಲೇನು, ಬೀಸಿ ಕೊಡ್ತಿ?"

ಕಾಲು ಚಾಚುವಾಗ ಎಡಗಾಲಿನ ಹೆಬ್ಬೆರಳು ಅಕಸ್ಮಾತ್ತಾಗಿ ಕಂಪ್ಯೂಟರಿನ ಡಬ್ಬಿಗೆ ತಾಗಿತು. ಜುಮ್ ಎಂದಿತು. ಆದರೆ ಮೈಕಿನ ಗುಂಯ್ ಅರ್ಧಕ್ಕೆ ಇಳಿಯಿತು. ಕಾಲು ತೆಗೆದೆ, ಗುಂಯ್. ಇಟ್ಟೆ, ಜುಮ್. ಅಂದಿನಿಂದ ನಾನು ಆಡುವಾಗ ಒಂದು ಕಾಲು ಡಬ್ಬಿಯ ಮೇಲೆ. ಮರೆತು ತೆಗೆದರೆ ಬಸ್ಯಾ ಅಮರಗೋಳದಲ್ಲಿ ಗುಂಡು ಹಾರಿಸುತ್ತಲೇ "ಕಾಲಿಡಲೇ, ಕಾಲಿಡು" ಎನ್ನುತ್ತಿದ್ದ. ಪಂದ್ಯದಲ್ಲಿ ಹೀಗೆ ನಡೆಯುವುದಿಲ್ಲ, ಪಂದ್ಯವೂ ಅವರವರ ಮನೆಯಿಂದಲೇ ಆಡುವಂಥದ್ದು, ಗುಂಯ್ ಪೂರ್ತಿ ಹೋಗಬೇಕು ಎಂದು ಕೊನೆಯ ಮಾತು ಹೇಳಿದ.

ಬಸ್ಸಿನಲ್ಲಿ ಮತ್ತೆ ವಿಡಿಯೋ ನೋಡಿದೆ. ಕಾರಣ ಸಿಕ್ಕಿತು. ಮನೆಯ ಅರ್ಥಿಂಗ್, ಅಂದರೆ ಸೋರುವ ಕರೆಂಟನ್ನು ಭೂಮಿಗೆ ಇಳಿಸುವ ತಂತಿ, ಸರಿ ಇಲ್ಲದಿದ್ದರೆ ಹೀಗಾಗುತ್ತದೆ, ಅರ್ಥಿಂಗ್ ಗುಂಡಿ ಒಣಗಿದ್ದರೆ ನೀರು ಹಾಕಬೇಕು, ಉಪ್ಪು ಮತ್ತು ಇದ್ದಲಿ ಹಾಕಿದರೆ ಇನ್ನೂ ಒಳ್ಳೆಯದು. ಇಷ್ಟು ಹೇಳುವಷ್ಟರಲ್ಲಿ ಸ್ಟಾಪು ಬಂತು. ನಮ್ಮ ಹಿತ್ತಲಿನಲ್ಲಿ ಅಂಥದ್ದೊಂದು ಗುಂಡಿ ಇದೆ. ಮಣ್ಣಿನಿಂದ ಒಂದು ಪೈಪು ತಲೆ ಎತ್ತಿರುತ್ತದೆ, ಅದರಿಂದ ಒಂದು ತಂತಿ ಗೋಡೆಗುಂಟ ಮೇಲೆ ಹೋಗುತ್ತದೆ. ಅದರ ಪಕ್ಕದಲ್ಲೇ ಅವ್ವನ ಕರಿಬೇವಿನ ಗಿಡ. ಅರ್ಧ ಓಣಿ ಒಗ್ಗರಣೆ ಹಾಕುವುದು ಆ ಗಿಡದ ಮೇಲೆಯೇ.

ನಾನು ದಿನಾ ಸಂಜೆ ಬಂದ ಕೂಡಲೇ ಒಂದು ಕೊಡ ನೀರು ಎತ್ತಿಕೊಂಡು ಹಿತ್ತಲಿಗೆ ಹೋಗತೊಡಗಿದೆ. ನಮ್ಮ ಓಣಿಯಲ್ಲಿ ನಳ ದಿನಾ ಬರುವುದಿಲ್ಲ. ಬಂದ ದಿನ ಮನೆಯಲ್ಲಿರುವ ಹಂಡೆ, ಕೊಡ, ಬಕೇಟು, ಕೊನೆಗೆ ಚಹಾದ ಪಾತ್ರೆಯೂ ತುಂಬುತ್ತದೆ. ಅಂಥ ನೀರನ್ನು ನೆಲಕ್ಕೆ ಸುರಿಯುವುದನ್ನು ಕಂಡರೆ ಅವ್ವ ಏನು ಮಾಡುತ್ತಾಳೋ ಎಂದು ಹೆದರಿದ್ದೆ. ಅವಳು ಬಾಗಿಲಲ್ಲಿ ನಿಂತು ನೋಡಿ ಅಪ್ಪನಿಗೆ ಹೇಳಿದಳು.

"ನೋಡ್ರಿ, ಹುಡುಗ ಗಿಡಕ್ಕ ನೀರ ಹಾಕಾಕತ್ತೈತಿ. ಬುದ್ಧಿ ಬಂತು. ಇನ್ನ ಹೆಣ್ಣ ನೋಡಾಕ ಅಡ್ಡಿಯಿಲ್ಲ."

ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಗುಮಾಸ್ತನಾಗಿರುವ ಅಪ್ಪ ಪೇಪರಿನಿಂದ ತಲೆ ಎತ್ತದೆ "ಏನರ ಬೇಕಾಗಿರ್ತೈತಿ ಅಂವಗ" ಎಂದ. ನಾನು ಅವ್ವನ ತಪ್ಪು ತಿದ್ದಲು ಹೋಗಲಿಲ್ಲ. ಏಕೆಂದರೆ ಗುಂಯ್ ಹೋಗಿತ್ತು. ನಿಜವಾಗಿ ಹೋಗಿತ್ತು. ನೀರು ಹಾಕಿ ಬಂದು ಕೂತರೆ ಕಾಲು ಮೇಲಿಡದೆಯೂ ಒಂದು ತಾಸು ಸದ್ದಿಲ್ಲ. ಆಮೇಲೆ ನಿಧಾನವಾಗಿ ಬರುತ್ತಿತ್ತು. ಗುಂಡಿ ಲಗೂ ಒಣಗುತ್ತದೆ, ಉಪ್ಪು ಹಾಕಿದರೆ ಇನ್ನೂ ತಡೆಯುತ್ತದೆ ಎಂದು ಲೆಕ್ಕ ಹಾಕಿದೆ. ಹರಳುಪ್ಪು ತಂದೆ. ಇಸ್ತ್ರಿ ಅಂಗಡಿಯಿಂದ ಇದ್ದಲಿ ತಂದೆ. ವಿಡಿಯೋದಲ್ಲಿ ಎಷ್ಟು ಎಂದು ಹೇಳಿರಬೇಕು, ಅದು ಸ್ಟಾಪಿನ ಆಚೆಯ ಭಾಗ. ನಾನು ಧಾರಾಳವಾಗಿ ಹಾಕಿದೆ.

ಕೆಲವು ದಿನಗಳಲ್ಲಿ ಕರಿಬೇವಿನ ಎಲೆ ಅಂಚಿನಲ್ಲಿ ಸುಟ್ಟ ಹಾಗಾಯಿತು, ಆಮೇಲೆ ಹಳದಿಯಾಯಿತು, ಆಮೇಲೆ ಉದುರತೊಡಗಿತು. ಅವ್ವ ಹುಳ ಬಿದ್ದಿದೆಯೇ ಎಂದು ಎಲೆ ತಿರುಗಿಸಿ ನೋಡಿದಳು. ಹುಳಿ ಮಜ್ಜಿಗೆ ಹಾಕಿದಳು. ನಾನು ಮನಸ್ಸಿಟ್ಟು ನೀರು ಹಾಕುತ್ತಿದ್ದೇನಲ್ಲ, ಗಿಡಕ್ಕೆ ಹಾಗಾಗಲು ಕಾರಣವೇ ಇಲ್ಲ, ಇದು ಯಾರದೋ ಕಣ್ಣು ಎಂದು ತೀರ್ಮಾನಿಸಿ, ದಿನಾ ಎಲೆ ಹರಿಯಲು ಬರುವ ಪಕ್ಕದ ಮನೆಯ ಗಂಗಕ್ಕನ ಜೊತೆ ಮಾತು ಕಡಿಮೆ ಮಾಡಿದಳು. ಗಂಗಕ್ಕ ಬಿಡುವವಳಲ್ಲ. ಒಂದು ರವಿವಾರ ಬೆಳಿಗ್ಗೆ ತಾನೇ ಹಿತ್ತಲಿಗೆ ಬಂದು ಬುಡದ ಮಣ್ಣು ಕೆದರಿದಳು. ಬಿಳಿ ಹರಳು ಎದ್ದವು. ಒಂದನ್ನು ಎತ್ತಿ ನಾಲಿಗೆಗೆ ಹಚ್ಚಿಕೊಂಡಳು.

"ಏನವ್ವಾ ಇದು? ಕರಿಬೇವಿನ ಉಪ್ಪಿನಕಾಯಿ ಹಾಕೀರೇನು? ಗಿಡದಿಂದ ಹರದು ಹಾಕ್ತಾರ. ನೀವು ಬೇರಿಗೇ ಹಾಕೀರಲ್ಲ."

ಅವ್ವ ನನ್ನನ್ನು ನೋಡಿದಳು. ನಾನು ಪೈಪು ತೋರಿಸಿದೆ. ಅರ್ಥಿಂಗ್ ಎಂದೆ, ಹೆಡ್‌ಫೋನ್ ಎಂದೆ, ಗುಂಯ್ ಎಂದೆ. ಒಂದೊಂದು ಶಬ್ದಕ್ಕೂ ಅವಳ ಮುಖ ಗಟ್ಟಿಯಾಗುತ್ತ ಹೋಯಿತು. ಹೆಣ್ಣು ನೋಡುವ ವಿಷಯ ಅಲ್ಲಿಗೆ ಮುಂದಕ್ಕೆ ಬಿತ್ತೆಂದು ನನಗೆ ತಿಳಿಯಿತು. ಜಗಲಿಯಲ್ಲಿ ಕೂತ ಅಪ್ಪನನ್ನು ಕರೆದು ಎಲ್ಲವನ್ನೂ ಹೇಳಿದಳು. ಅವನು ಬಂದು ಗೋಡೆಗುಂಟ ಹೋದ ತಂತಿಯನ್ನು ಕಣ್ಣಿನಲ್ಲೇ ಹಿಂಬಾಲಿಸಿದ.

"ಲೇ ತಮ್ಮಾ, ಇದು ಮೀಟರ್ ತನಕ ಅಷ್ಟ ಐತಿ. ಮನಿಯೊಳಗ ಬಂದೇ ಇಲ್ಲ. ವೈರಿಂಗ್ ಮಾಡಸುಮುಂದ ನಿಮ್ಮಜ್ಜ, ಎರಡು ವೈರಿನ್ಯಾಗ ದೀಪ ಹತ್ತತೈತಿ, ಮೂರನೇದು ಯಾಕ ಅಂದಿದ್ದ."

"ಮತ್ತ ನನ್ನ ಬೋರ್ಡಿಗೆ ಮೂರು ತೂತು ಅದಾವಲ್ಲ?"

"ಬೋರ್ಡು ಅಂಗಡ್ಯಾಗ ಹಂಗ ಬರ್ತೈತಿ. ಮೂರನೇದು ಶೋಕಿ."

ನಾನು ಒಳಗೆ ಹೋಗಿ ಕೂತು ಯೋಚಿಸಿದೆ. ಗುಂಡಿಗೂ ನನ್ನ ಕಂಪ್ಯೂಟರಿಗೂ ಸಂಬಂಧವೇ ಇಲ್ಲದಿದ್ದರೆ ಗುಂಯ್ ಹೋದದ್ದು ಹೇಗೆ? ಕಂಪ್ಯೂಟರ್ ಹಚ್ಚಿ ನೋಡಿದೆ, ಗುಂಯ್ ಇತ್ತು. ಹಿತ್ತಲಿಗೆ ಹೋಗಿ ಗುಂಡಿಯ ಹತ್ತಿರ ನಿಂತೆ, ನೀರು ಹಾಕಲಿಲ್ಲ, ಹಾಕುವ ಧೈರ್ಯ ಇರಲಿಲ್ಲ. ಬಂದು ಕೂತೆ, ಗುಂಯ್. ಕೊಡ ಎತ್ತುವಾಗ ದಿನಾ ಏನೇನಾಗುತ್ತಿತ್ತು ಎಂದು ನೆನಪು ಮಾಡಿಕೊಂಡೆ. ನೀರು ತುಳುಕುತ್ತಿತ್ತು, ಕಾಲು ತೋಯುತ್ತಿತ್ತು. ಹಾಗೇ ಬಂದು ಫರಸಿ ಕಲ್ಲಿನ ನೆಲದ ಮೇಲೆ ಕಾಲೂರಿ ಕೂರುತ್ತಿದ್ದೆ. ಬಚ್ಚಲಿಗೆ ಹೋಗಿ ಒಂದು ಚಂಬು ನೀರು ಕಾಲಿಗೆ ಹಾಕಿಕೊಂಡು ಬಂದು ಕೂತೆ. ಗುಂಯ್ ಇಲ್ಲ. ಒರೆಸಿಕೊಂಡೆ. ಬಂತು. ಅಂದರೆ ಇಷ್ಟು ದಿನ ಭೂಮಿಗೆ ಕೂಡಿದ್ದು ಕಂಪ್ಯೂಟರಲ್ಲ, ನಾನು. ನನ್ನ ಒದ್ದೆ ಕಾಲು. ಇದು ದೊಡ್ಡ ಶೋಧ ಎನಿಸಿತು. ಸಂಭ್ರಮದಲ್ಲಿ ಅಡುಗೆಮನೆಗೆ ಓಡಿ ಅವ್ವನಿಗೆ ಹೇಳಿದೆ, "ಯವ್ವಾ, ಗುಂಡಿದಲ್ಲ ಬೇ, ಕಾಲ ತೊಳಕೊಂಡು ಬಂದ್ರ ಹೋಗ್ತೈತಿ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಸಣ್ಣಾವಿದ್ದಾಗಿಂದ ಹೇಳಾಕತ್ತೇನಿ, ಹೊರಗಿಂದ ಬಂದಾವ ಕಾಲ ತೊಳಕೊಂಡು ಒಳಗ ಬಾ ಅಂತ. ಅದನ್ನ ತಿಳಕೊಳ್ಳಾಕ ನನ್ನ ಗಿಡ ಬೇಕಾತು ನಿನಗ."

ಒದ್ದೆ ಕಾಲಿನಲ್ಲಿ ಕರೆಂಟಿನ ಹತ್ತಿರ ಕೂರುವುದು ಸಾಯುವವರ ಲಕ್ಷಣ ಎಂದು ಅಪ್ಪ ಬೈದು, ವೈರಿಂಗಿನವನನ್ನು ಕರೆಸಿ ಮೀಟರಿನಿಂದ ನನ್ನ ಬೋರ್ಡಿನ ತನಕ ಮೂರನೆಯ ವೈರು ಎಳೆಸಿದ. ಅಷ್ಟೇ ಮಾಡಬೇಕಾಗಿದ್ದದ್ದು. ಗಿಡವನ್ನು ಮೊಣಕಾಲೆತ್ತರಕ್ಕೆ ಕಡಿದು, ಬುಡದ ಮಣ್ಣು ತೆಗೆದು, ಬೇರೆ ಮಣ್ಣು ಹಾಕಿದ್ದೇವೆ. ಚಿಗುರೀತು ಎಂದು ಗಂಗಕ್ಕ ಹೇಳುತ್ತಾಳೆ. ಅಲ್ಲಿಯ ತನಕ ಕರಿಬೇವು ಸಂತೆಯಿಂದ ತರುವುದು ನನ್ನ ಪಾಲಿನ ಕೆಲಸ.

ಇನ್ನು ಸೌಂಡಿನ ವಿಷಯ. ಮೂರನೆಯ ವೈರು ಬಂದ ದಿನ ಸಂಜೆ ಒಣ ಕಾಲಿನಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡೆ. ಏನೂ ಇಲ್ಲ. ಏನೂ ಇಲ್ಲದಿರುವುದು ಅಷ್ಟು ಚೆನ್ನಾಗಿ ಕೇಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆಟ ಶುರುವಾಯಿತು. ಗೋಡೆಯ ಆಚೆ ಒಬ್ಬ ಬಂದ. ಕಲ್ಲಿನ ಮೇಲೆ ನಡೆದದ್ದು ಬೇರೆ, ಹಲಗೆಯ ಮೇಲೆ ಕಾಲಿಟ್ಟದ್ದು ಬೇರೆ, ಎರಡೂ ಕೇಳಿದವು.

"ಕಮರಿಪ್ಯಾಟಿಯಾಗ ಒಬ್ಬ ಬಂದ," ಎಂದೆ ಮೈಕಿನಲ್ಲಿ. "ಎಡಕ್ಕ. ಈಗ ಹಲಗಿ ಮ್ಯಾಲ. ಈಗ ನಿಂತ. ಗುಂಡು ತುಂಬಾಕತ್ತಾನ. ಈಗ ಹೊಳ್ಳಿದ. ನನ್ನ ಮುಂದ ಬಂದ. ಈಗ ನನ್ನ ಹೊಡದ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗುಂಯ್ ಇಲ್ಲದ್ದರಿಂದ ಅವರು ಮಾತಾಡದಿದ್ದದ್ದೂ ಸ್ಪಷ್ಟವಾಗಿ ಕೇಳಿತು.

"ಛಲೋ ಹೇಳಿದಿ ಮಂಜ್ಯಾ," ಎಂದ ಬಸ್ಯಾ. "ಎಲ್ಲಾ ಬರೋಬ್ಬರಿ ಹೇಳಿದಿ. ನಡುವ ಎಲ್ಲರ ಅಂವನ್ನ ಹೊಡೀಬೇಕಾಗಿತ್ತಲ್ಲ?"

"ಅಂವ ನಡಕೋತ ಬರೋದು ಭಾಳ ಚಂದ ಕೇಳಾಕತ್ತಿತ್ತಲೇ."

ಮುಂದಿನ ಆಟದಲ್ಲೂ ಹೀಗೇ ಆಯಿತು, ಅದರ ಮುಂದಿನದರಲ್ಲೂ. ಒಂದು ಸಲ ಕೇಳುತ್ತ ಮೈಮರೆತೆ. ಇನ್ನೊಂದು ಸಲ ಮೈಮರೆಯಲಿಲ್ಲ, ಸರಿಯಾದ ಕಡೆಗೇ ತಿರುಗಿದೆ, ಸರಿಯಾದ ಹೊತ್ತಿಗೇ ಗುಂಡು ಹಾರಿಸಿದೆ, ಗೋಡೆಗೆ ತಾಗಿತು. ಇರ್ಫಾನ್ ತನ್ನ ಧಾರವಾಡದ ಮೂಲೆಯಿಂದ ತಣ್ಣಗೆ ಹೇಳಿದ, "ಗುಂಯ್ ಇದ್ದಾಗನ ಛಲೋ ಇತ್ತಲೇ. ಗುಂಯ್‌ನಿಂದ ಸಾಯಾಕತ್ತಾನ ಅಂತ ತಿಳಕೊಂಡಿದ್ವಿ." ಅವನ ಮಾತಿನಲ್ಲಿ ಕುಹಕ ಇರಲಿಲ್ಲ, ನಿಜವಾದ ಬೇಸರ ಇತ್ತು. ಅದೇ ನನಗೆ ಹೆಚ್ಚು ನೋವಾದದ್ದು. ಬಸ್ಯಾ ನನ್ನನ್ನು ಇನ್ನೂ ತೆಗೆದಿಲ್ಲ. ಪಂದ್ಯ ಬರುವ ರವಿವಾರ, ಶನಿವಾರದ ತನಕ ನೋಡುತ್ತೇನೆ ಎಂದಿದ್ದಾನೆ. ಅವನ ಮಾಮನ ಮಗ ಈಗ ನಮ್ಮ ಆಟ ನೋಡಲು ದಿನಾ ಬಸ್ಯಾನ ಪಕ್ಕದಲ್ಲಿ ಬಂದು ಕೂರುತ್ತಾನೆ. ಅವನು ಶೇಂಗಾ ಒಡೆಯುವ ಸದ್ದು ಬಸ್ಯಾನ ಮೈಕಿನಲ್ಲಿ ನನಗೆ ಕೇಳುತ್ತದೆ, ಬಲಗಡೆಯಿಂದ.

ಆದ್ದರಿಂದ ಒಂದು ವಿನಂತಿ. ಕೈಯಲ್ಲಿದ್ದ ದುಡ್ಡಿನಲ್ಲೇ ಒಳ್ಳೆಯ ಸೌಂಡು ಮಾಡಿಕೊಂಡು, ಎಲ್ಲವೂ ಚೆನ್ನಾಗಿ ಕೇಳಿಸುತ್ತಿದ್ದರೂ ಆಟದಲ್ಲಿ ಸತ್ತವರು ನಿಮ್ಮಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಆಮೇಲೆ ಗೆಳೆಯರ ಮುಂದೆ ನೀವು ಏನೆಂದು ಹೇಳಿದಿರಿ, ಅವರು ನಂಬಿದರೋ ಇಲ್ಲವೋ, ನಾಚಿಕೊಳ್ಳದೆ ಬರೆದು ತಿಳಿಸಿ. ಶನಿವಾರದೊಳಗೆ ತಿಳಿಸಿದರೆ ಉಪಕಾರ. ಮೌಸ್ ಸರಿ ಇಲ್ಲ ಎಂದು ಮಾತ್ರ ಬರೆಯಬೇಡಿ. ಅದನ್ನು ನಾನು ನಿನ್ನೆಯೇ ಹೇಳಿ ನೋಡಿದೆ. ಬಸ್ಯಾ ಇವತ್ತು ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ನಮ್ಮ ಮನೆಗೆ ಬಂದು ತನ್ನ ಮೌಸನ್ನೇ ಬಿಚ್ಚಿ ಕೊಟ್ಟು ಹೋಗಿದ್ದಾನೆ.