ಕಾಂಪೌಂಡ್ ಇಲ್ಲದ ಜಾಗದಲ್ಲಿ ಟೆಂಟು

ಪೋಲೆಂಡಿನ ಹಳ್ಳಿಗಾಡಿನಲ್ಲಿ ಸೈಕಲ್ ತುಳಿಯಬೇಕು, ಸುಸ್ತಾದಲ್ಲಿ ಟೆಂಟ್ ಹಾಕಿ ಮಲಗಬೇಕು ಎಂಬ ಯೋಜನೆಯನ್ನು ನಾನು ಸ್ವೀಡನ್ನಿನ ನಾರ್‌ಶೋಪಿಂಗ್ ಊರಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಮಂಡಿಸಿದಾಗ, ಗಂಡ ಚೇತನ್ ಒಂದೇ ತಿದ್ದುಪಡಿ ಸೂಚಿಸಿದ: ಸೈಕಲ್ ಸರಿ, ಮಲಗುವುದಕ್ಕೆ ರೂಮು. ನೆಲ ಬಿಟ್ಟಿ ಸಿಗುವಾಗ ಹಾಸಿಗೆಗೆ ಬಾಡಿಗೆ ಕೊಡುವುದು ತರ್ಕಬದ್ಧವಲ್ಲವೆಂದು ನಾನು ತಿದ್ದುಪಡಿಯನ್ನು ತಳ್ಳಿಹಾಕಿದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದವಳು ನಾನು. ಅವನು ಗೆದ್ದದ್ದು ನನ್ನನ್ನು ಮಾತ್ರ, ಅದೂ ಎದುರಾಳಿ ಇಲ್ಲದೆ.

ಕೊನೆಗೆ ಒಪ್ಪಂದವಾಯಿತು. ಮೊದಲು ಇಲ್ಲೇ ಸ್ವೀಡನ್ನಿನಲ್ಲಿ ಒಂದು ರಾತ್ರಿ ರಿಹರ್ಸಲ್. ಯಾರ ತಕರಾರೂ ಇಲ್ಲದೆ ಬೆಳಗಾದರೆ ಪೋಲೆಂಡಿನಲ್ಲಿ ಟೆಂಟು. ಒಂದೇ ಒಂದು ತಕರಾರು ಬಂದರೂ ಪೋಲೆಂಡಿನ ತೀರ್ಮಾನವೆಲ್ಲ ಅವನದು. ನಾನು ಬಾಯಿ ಬಿಡುವಂತಿಲ್ಲ. ಷರತ್ತು ಹಾಕಿದವಳು ನಾನೇ. ಸೋಲುವ ಪ್ರಶ್ನೆ ಎಲ್ಲಿ? ಈ ದೇಶದಲ್ಲಿ ಅಲ್ಲೆಮನ್ಸ್‌ರೆಟ್ ಎಂಬ ಹಕ್ಕಿದೆ. ಯಾರದೇ ಕಾಡಿನಲ್ಲಿ ಯಾರು ಬೇಕಾದರೂ ಒಂದು ರಾತ್ರಿ ಟೆಂಟ್ ಹಾಕಬಹುದು, ಕಾಡುಹಣ್ಣು ಕಿತ್ತು ತಿನ್ನಬಹುದು. ಮನೆಗಳ ಹತ್ತಿರ ಸುಳಿಯಬಾರದು, ಅಷ್ಟೆ.

ಜೂನ್ ತಿಂಗಳ ಸಂಜೆ, ಸರೋವರದ ಪಕ್ಕ ಸ್ವರ್ಗವೇ ಸಿಕ್ಕಿತು. ಸಮತಟ್ಟು ನೆಲ, ಮೆತ್ತನೆ ಹುಲ್ಲು, ಸುತ್ತ ಪೊದೆ.

"ಹುಲ್ಲು ಯಾರೋ ಕತ್ತರಿಸಿದಾರಲ್ಲೇ," ಎಂದ ಚೇತನ್.

"ಕಮ್ಯೂನ್‌ನವರು ಕತ್ತರಿಸಿರ್ತಾರೆ. ಇಲ್ಲಿ ಪುರಸಭೆ ಕೆಲಸ ಮಾಡತ್ತೆ ಕಣೋ, ಅಭ್ಯಾಸ ಮಾಡ್ಕೋ."

ಅಲ್ಲದೆ ನನ್ನ ಬಳಿ ಅಲುಗಾಡಿಸಲಾಗದ ಸಾಕ್ಷ್ಯವಿತ್ತು: ಕಾಂಪೌಂಡ್ ಇರಲಿಲ್ಲ. ನಾನು ಬೆಂಗಳೂರಿನವಳು. ನಮ್ಮಲ್ಲಿ ಖಾಲಿ ಸೈಟಿಗೂ ಕಾಂಪೌಂಡ್ ಇರುತ್ತದೆ, ಅದರ ನೆತ್ತಿಗೆ ಗಾಜಿನ ಚೂರು ನೆಟ್ಟಿರುತ್ತದೆ, 'ಈ ಸ್ವತ್ತು ಮಾರಾಟಕ್ಕಿಲ್ಲ' ಎಂಬ ಬೋರ್ಡಿರುತ್ತದೆ. ಗೋಡೆಯಿಲ್ಲದ ಜಾಗಕ್ಕೆ ಮಾಲೀಕನಿದ್ದಾನೆಂದು ನಂಬುವುದು ಮೂಢನಂಬಿಕೆ!

ಟೆಂಟ್ ಎದ್ದಿತು. ಹತ್ತಿರದಲ್ಲೇ ಸ್ಟ್ರಾಬೆರಿ ಗಿಡಗಳಿದ್ದವು. ನಾನು ಡಬ್ಬಿ ತುಂಬ ಕಿತ್ತೆ.

"ಕಾಡಲ್ಲಿ ಗಿಡ ಸಾಲಾಗಿ ಬೆಳೆಯತ್ತಾ?"

"ಸ್ವೀಡನ್ ಕಣೋ. ಇಲ್ಲಿ ಎಲ್ಲರೂ ಕ್ಯೂ ನಿಲ್ತಾರೆ."

ಗಿಡಗಳ ಬುಡಕ್ಕೆ ಒಣಹುಲ್ಲು ಹಾಸಿದ್ದನ್ನೂ ಅವನು ತೋರಿಸಿದ. ಗಾಳಿಯ ಕೆಲಸ ಎಂದೆ. ಅವನು ಒಂದೂ ಹಣ್ಣು ಮುಟ್ಟಲಿಲ್ಲ. ಸೋತವರಿಗೆ ಹಸಿವಿರುವುದಿಲ್ಲವೆಂದು ಎಲ್ಲವನ್ನೂ ನಾನೇ ತಿಂದೆ.

ಬೆಳಿಗ್ಗೆ ಟೆಂಟಿಗೆ ಏನೋ ಗುದ್ದಿತು. ಗುರ್ರೆಂದು ಹಿಂದೆ ಸರಿಯಿತು. ಮತ್ತೆ ಗುದ್ದಿತು. ಕಾಡುಹಂದಿ ಇರಬಹುದೇ ಎಂದು ಚೇತನ್ ಪಿಸುಗುಟ್ಟಿದ. ಪುರಾವೆಯಿಲ್ಲದೆ ನಾನು ಹಂದಿಯನ್ನೂ ಒಪ್ಪುವವಳಲ್ಲ. ಜಿಪ್ ಎಳೆದು ನೋಡಿದರೆ, ಆಮೆಯಂತಹ ಕಪ್ಪು ಯಂತ್ರ! ಹುಲ್ಲು ಕತ್ತರಿಸುವ ರೋಬೋ. ನನ್ನ ಕಾಲುಚೀಲವನ್ನು ನುಂಗಿ ಅದು ಪೊದೆಯ ಹಿಂದೆ ಹೊರಟಿತು. ನಾನು ಬರಿಗಾಲಲ್ಲಿ ಬೆನ್ನಟ್ಟಿದೆ.

ಪೊದೆಯ ಹಿಂದೆ ಕೆಂಪು ಮನೆ. ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತ ಅಜ್ಜ. ಹೆಸರು ಲೆನಾರ್ಟ್ ಎಂದು ಆಮೇಲೆ ತಿಳಿಯಿತು.

ಮರ್ಯಾದಸ್ಥರು ಇಲ್ಲಿ ಕ್ಷಮೆ ಕೇಳುತ್ತಾರೆ. ನಾನು ವಾದ ಆರಂಭಿಸಿದೆ. ಮನೆ ಕಾಣದಿದ್ದಾಗ ಅದನ್ನು ಮನೆಯ ಹತ್ತಿರ ಎನ್ನಲಾಗದು; ಗಡಿ ಗುರುತಿಸದಿರುವುದು ಮಾಲೀಕನ ಲೋಪ; ಒಟ್ಟಾರೆ ಹಕ್ಕು ನಮ್ಮದು. ಅಜ್ಜ ಪ್ರತಿ ಅಂಶಕ್ಕೂ ಇಲ್ಲಿಯವರ ಹಾಗೆ ಉಸಿರು ಒಳಗೆಳೆದು "ಯಾ", ಅಂದರೆ ಹೌದು, ಎನ್ನುತ್ತಿದ್ದರು. ಒಂದೊಂದನ್ನೂ ನನ್ನ ಖಾತೆಗೆ ಬರೆದುಕೊಂಡೆ.

ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಅವರು ಮೆಲ್ಲಗೆ ಕೇಳಿದರು: "ಸ್ಟ್ರಾಬೆರಿ ಏನಾದರೂ ಉಳಿದಿದೆಯಾ? ಇವತ್ತು ಮಿಡ್‌ಸಮ್ಮರ್ ಹಬ್ಬ. ಮೊಮ್ಮಕ್ಕಳು ಬರ್ತಾರೆ, ಕೇಕಿಗೆ ಇಟ್ಟಿದ್ದೆ."

ಚರ್ಚಾಸ್ಪರ್ಧೆಯಲ್ಲಿ ಇಂತಹ ಪ್ರಶ್ನೆಗೆ ತರಬೇತಿ ಕೊಡುವುದಿಲ್ಲ. ನನ್ನ ಗಲ್ಲದ ಮೇಲಿನ ಕೆಂಪು ಕಲೆಯನ್ನು ಅವರು ನೋಡಿದರು. ನಾನು ರೋಬೋ ನೋಡಿದೆ.

ಅಷ್ಟರಲ್ಲಿ ಚೇತನ್ ಬಂದು, ತಪ್ಪಾಯಿತು ಎಂದು ಒಂದೇ ಮಾತು ಹೇಳಿ ಕೈ ಮುಂದೆ ಚಾಚಿದ. ಲೆನಾರ್ಟ್ ಅವನಿಗೆ ಕಾಫಿ ಕೊಟ್ಟರು. ನನಗೂ ಕೊಟ್ಟರು, ಆದರೆ ಕುರ್ಚಿ ಅವನಿಗೆ ಹಾಕಿದರು. ಚೇತನ್ ಪಕ್ಕದೂರಿಗೆ ಸೈಕಲ್ ತುಳಿದು ಅಂಗಡಿಯಿಂದ ಸ್ಟ್ರಾಬೆರಿ ತಂದ. ಆಮೇಲೆ ಇಬ್ಬರೂ ಸೈಕಲ್ಲಿನ ಚೈನು, ಗೇರು ಎಂದು ಕೂತರು. ಲೆನಾರ್ಟ್ ಮತ್ತು ಅವರ ಗೆಳೆಯರು ಬರುವ ಜುಲೈಯಲ್ಲಿ ಸೈಕಲ್ ಮೇಲೆ ಹೊರಡುವವರಿದ್ದರಂತೆ. ಎಲ್ಲಿಗೆ? ಪೋಲೆಂಡಿಗೆ! ಒಬ್ಬರಿಗೆ ಮಂಡಿನೋವು ಬಂದು, ಒಂದು ಜಾಗ ಖಾಲಿಯಾಗಿತ್ತು.

ಚೇತನ್ ನನ್ನತ್ತ ತಿರುಗಿದ. "ತೀರ್ಮಾನ ನಂದು, ಅಲ್ವಾ?"

ಆಕ್ಷೇಪಿಸಲು ಬಾಯಿ ತೆರೆದೆ. ಬಾಯಿ ಬಿಡುವಂತಿಲ್ಲ ಎಂಬುದೇ ಷರತ್ತಾಗಿತ್ತು.

ಜುಲೈಯಲ್ಲೊಂದು ಸಂಜೆ ಪೋಲೆಂಡಿನಿಂದ ಅವನ ಫೋನ್ ಬಂತು. ಯಾರೋ ರೈತರ ಕೊಟ್ಟಿಗೆಯ ಹಿಂದೆ ಟೆಂಟ್ ಹಾಕಿದ್ದಾರಂತೆ. ರೂಮು ಬೇಕೆಂದವನೇ ಟೆಂಟಿನಲ್ಲಿ! ಯಾವ ಕಾನೂನಿನ ಪ್ರಕಾರ ಎಂದು ಕೇಳಿದೆ.

"ಬಾಗಿಲು ತಟ್ಟಿ ಕೇಳಿದ್ವಿ ಕಣೇ. ಹಾಕ್ಕೊಳ್ಳಿ ಅಂದ್ರು."

ಇದು ಹಕ್ಕಲ್ಲ, ಬರೀ ದಾಕ್ಷಿಣ್ಯ, ನಾಳೆ ಇನ್ನೊಬ್ಬರು ಇಲ್ಲ ಎಂದರೆ ಏನು ಗತಿ ಎಂದು ನಾನು ವಾದವನ್ನು ಅಂಶ ಅಂಶವಾಗಿ ಕಟ್ಟತೊಡಗಿದೆ. ಅದ್ಭುತವಾದ ವಾದ. ಮುಗಿಸಿ ಉತ್ತರಕ್ಕೆ ಕಾದೆ. ಆಮೇಲೆ ಗೊತ್ತಾಯಿತು, ರೈತನ ಹೆಂಡತಿ ಊಟಕ್ಕೆ ಕರೆದಳೆಂದು ಅವನು ಫೋನನ್ನು ಹುಲ್ಲಿನ ಮೇಲಿಟ್ಟು ಯಾವಾಗಲೋ ಎದ್ದು ಹೋಗಿದ್ದ.