ನಾನು ಆ ವ್ಯಾನ್ ಹತ್ತಲಿಲ್ಲ

"ನಿನ್ನಿಂದ ಆಗುವುದಿಲ್ಲ" ಎಂದು ಯಾರಾದರೂ ಹೇಳಿದರೆ ಸಾಕು, ನನ್ನ ಬಾಳಿನಲ್ಲಿ ಏನಾದರೊಂದು ನಗೆಪಾಟಲು ಶುರುವಾಗುತ್ತದೆ. ಕುವೈತಿಗೆ ಬಂದ ಹೊಸದರಲ್ಲಿ ಫರ್ವಾನಿಯಾದ ಟೈಲರಿಂಗ್ ಅಂಗಡಿಯ ಮಾಸ್ಟರ್ ಹಾಗೆ ಹೇಳಿದ್ದ: "ನೀನು ಗುಂಡಿ ಹಾಕು ಸಾಕು, ಕಟಿಂಗ್ ಹೆಂಗಸರಿಗೆ ಹೇಳಿದ ಕೆಲಸ ಅಲ್ಲ." ಕಟಿಂಗ್ ಕಲಿತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಇಂಗ್ಲಿಷ್ ಓದಲು ಕಲಿಯುತ್ತೇನೆ ಎಂದಾಗ ನಾದಿನಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಗಿರಾಕಿಗಳು ಅಂಗಡಿಯಲ್ಲಿ ಬಿಟ್ಟುಹೋದ ಪತ್ರಿಕೆಗಳನ್ನು ಡಿಕ್ಷನರಿ ಇಟ್ಟುಕೊಂಡು ಓದಿದೆ, ಅದನ್ನೂ ಕಲಿತೆ.

ಅಂಥ ಒಂದು ಪತ್ರಿಕೆಯಲ್ಲೇ ಐರ್ಲೆಂಡಿನ ಹಳ್ಳಿದಾರಿ ಮತ್ತು ಕಡಲತೀರದ ಸೈಕಲ್ ಪ್ರವಾಸದ ಬಗ್ಗೆ ಓದಿದ್ದು. ಸೈಕಲ್, ನಕ್ಷೆ, ರಾತ್ರಿ ಉಳಿಯಲು ಕೋಣೆ ಪ್ರವಾಸ ಕಂಪನಿಯವರೇ ಕೊಡುತ್ತಾರೆ. ಪೆಟ್ಟಿಗೆಗಳನ್ನು ವ್ಯಾನಿನಲ್ಲಿ ಮುಂದಿನ ಊರಿಗೆ ಸಾಗಿಸುತ್ತಾರೆ. ಜತೆಗೆ ಗೈಡ್ ಮಾತ್ರ ಬರುವುದಿಲ್ಲ, ದಾರಿ ನಾವೇ ಹುಡುಕಿಕೊಳ್ಳಬೇಕು.

ನಮ್ಮವರಿಗೆ ಓದಿ ಹೇಳಿದೆ. ಅವರು ಚಹಾ ಕೆಳಗಿಟ್ಟರು. "ಗೈಡ್ ಇಲ್ಲದ್ದಕ್ಕೂ ಅವರು ದುಡ್ಡು ತೆಗೆದುಕೊಳ್ತಾರಾ? ಅಲ್ಲ ಮಾರಾಯ್ತಿ, ನಿನಗೆ ಸೈಕಲೇ ಬರುವುದಿಲ್ಲ!"

"ಕಲಿತೇನೆ."

"ಈ ಪ್ರಾಯದಲ್ಲಿ? ಒಂದೇ ದಿನದಲ್ಲಿ ನೀನು ಆ ವ್ಯಾನ್ ಹತ್ತುತ್ತಿ, ಬರೆದಿಟ್ಟುಕೋ."

"ವ್ಯಾನ್ ಹತ್ತಿದರೆ ಇಲ್ಲಿನ ನಮ್ಮ ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ಮೈಕ್ ಹಿಡಿದು ಹೇಳಿ. ಹತ್ತದಿದ್ದರೆ ಜನ್ಮದಲ್ಲಿ ಇನ್ನು 'ಆಗುವುದಿಲ್ಲ' ಎನ್ನಬೇಡಿ."

ಆಗಲಿ ಎಂದರು. ಮೈಕ್ ಎಂದರೆ ಅವರಿಗೆ ಬಹಳ ಇಷ್ಟ.

ಕುವೈತಿನ ಬೆಟ್ಟ

ಸಾಲ್ಮಿಯಾದ ಕಡಲ ಬದಿಯಲ್ಲಿ ಶುಕ್ರವಾರ ಬೆಳಿಗ್ಗೆ ಸೈಕಲ್ ಕಲಿತೆ. ಕಲಿಸಿದವಳು ನನ್ನ ಜತೆ ಹೊಲಿಯುವ ಫಿಲಿಪಿನೋ ಹುಡುಗಿ. ಬಿದ್ದೆ, ಹೆಬ್ಬೆರಳಿನ ಉಗುರು ಕಿತ್ತುಹೋಯಿತು, ಎದ್ದೆ, ಬಂತು. ಆದರೆ ಐರ್ಲೆಂಡಿನಲ್ಲಿ ಏರು ಉಂಟು, ಗೇರ್ ಬದಲಾಯಿಸುವುದು ಕಲಿಯಬೇಕು. ಕುವೈತಿನಲ್ಲಿ ಏರು ಎಲ್ಲಿಂದ ತರುವುದು? ಇಡೀ ದೇಶ ಹಂಚಿನ ಮೇಲೆ ಹುಯ್ದ ದೋಸೆಯ ಹಾಗೆ ಚಪ್ಪಟೆ.

ಕೊನೆಗೆ ಸಿಕ್ಕಿತು. ಎಗೈಲಾದ ಒಂದು ಮಾಲಿನ ಪಾರ್ಕಿಂಗ್ ಕಟ್ಟಡ. ಸುತ್ತಿ ಸುತ್ತಿ ತಾರಸಿಯವರೆಗೆ ಹೋಗುವ ರ‍್ಯಾಂಪ್. ಬೆಳಿಗ್ಗೆ ಒಂದು ಕಾರೂ ಇರುವುದಿಲ್ಲ.

ಗೇಟಿನಲ್ಲಿದ್ದ ಹೈದರಾಬಾದಿನ ವಾಚ್‌ಮನ್ ತಡೆದ. "ಕಹಾಂ, ಮೇಡಂ?"

"ಪಾರ್ಕಿಂಗಿಗೆ, ಭಾಯಿ," ಎಂದೆ. ಸುಳ್ಳಲ್ಲವಲ್ಲ.

ಬಿಟ್ಟ. ತಾರಸಿಗೆ ಏರಿದೆ, ಇಳಿದೆ. ಮತ್ತೆ ಏರಿದೆ, ಇಳಿದೆ. ಮೂರನೇ ಸಲ ಏದುಸಿರು ಬಿಡುತ್ತಾ ಅವನ ಮುಂದೆ ಹಾದುಹೋಗುವಾಗ ಪಾಪ, ಕುರ್ಚಿಯಿಂದ ಎದ್ದು ನಿಂತ.

"ಇಷ್ಟು ದೊಡ್ಡ ಕಟ್ಟಡ ಪೂರಾ ಖಾಲಿ ಇದೆ ಮೇಡಂ, ಆ ಒಂದು ಸೈಕಲಿಗೆ ಎಲ್ಲಿಯೂ ಜಾಗ ಸಿಗಲಿಲ್ಲವಾ?"

ಟ್ರ್ಯಾಕ್ಟರಿನ ಊಟ

ನಮ್ಮ ಊರಿನಲ್ಲಿ ರಸ್ತೆಯ ಎಡಕ್ಕೆ ಹೋಗಬೇಕು, ಐರ್ಲೆಂಡಿನಲ್ಲೂ ಎಡಕ್ಕೆ. ಹಾಗಾದರೆ ನನಗೆ ಕಷ್ಟವೇನು? ಕಷ್ಟ ಏನೆಂದರೆ ನಾನು ಊರಿನಲ್ಲಿ ಸೈಕಲ್ ಮುಟ್ಟಿದವಳೇ ಅಲ್ಲ. ಕಲಿತದ್ದು ಕುವೈತಿನಲ್ಲಿ, ಅಲ್ಲಿ ಬಲಕ್ಕೆ. ಮೊದಲ ದಿನ ಐರ್ಲೆಂಡಿನ ಹಳ್ಳಿದಾರಿಯಲ್ಲಿ ನಾನು ಶಿಸ್ತಾಗಿ ಬಲಕ್ಕೇ ಹೊರಟೆ.

ಎರಡೂ ಕಡೆ ಕಲ್ಲಿನ ಗೋಡೆ, ಮುಳ್ಳುಬೇಲಿ. ತಿರುವಿನಲ್ಲಿ ಎದುರಿಗೇ ಟ್ರ್ಯಾಕ್ಟರ್! ಬ್ರೇಕ್ ಹಿಡಿದು, ಕುವೈತಿನಲ್ಲಿ ಎಲ್ಲರೂ ಮಾಡುವ ಹಾಗೆ ಐದು ಬೆರಳುಗಳ ತುದಿ ಸೇರಿಸಿ ಕೈ ಎತ್ತಿ ಆಡಿಸಿದೆ. "ಸ್ವಲ್ಪ ತಾಳು" ಎಂದು ಅದರ ಅರ್ಥ. ಅಲ್ಲಿ ಆ ಕೈಗೆ ಲಾರಿಗಳೂ ನಿಲ್ಲುತ್ತವೆ.

ಟ್ರ್ಯಾಕ್ಟರೂ ನಿಂತಿತು. ಮುದುಕ ರೈತ ನನ್ನ ಬೆರಳು ನೋಡಿದ, ಮುಖ ನೋಡಿದ. ಎಂಜಿನ್ ಆರಿಸಿ, ಸೀಟಿನ ಕೆಳಗಿನಿಂದ ಡಬ್ಬಿ ತೆಗೆದು, ಅರ್ಧ ಬ್ರೆಡ್ ಮುರಿದು ನನ್ನ ಕೈಗಿಟ್ಟ. ಹಸಿವಾಗಿದೆ ಎಂದು ಹೇಳುತ್ತಿದ್ದೇನೆ ಅಂದುಕೊಂಡಿದ್ದ! ಬ್ರೆಡ್ಡಿನ ನಡುವೆ ಬೆಣ್ಣೆ ಮತ್ತು ಆಲೂಗಡ್ಡೆ ಚಿಪ್ಸ್. ಬೇಡ ಎನ್ನಲು ನನಗೇನು ಹುಚ್ಚೇ? ದಾರಿಯ ನಡುವೆಯೇ ನಿಂತು ಇಬ್ಬರೂ ತಿಂದೆವು. ಕೊನೆಗೆ ಅವನು ಬಾಯಿ ಒರೆಸಿಕೊಂಡು ಹೇಳಿದ, "ಅಮ್ಮಾ, ಇನ್ನು ಮುಂದೆ ಎಡಕ್ಕೆ ಹೋಗಿ."

ಎಡಕ್ಕೇ ಹೋದೆ. ಆದರೆ ಆ ಬದಿಯಲ್ಲಿ ಯಾರೂ ಊಟ ಕೊಡಲಿಲ್ಲ.

ಭುಜದ ಪ್ಯಾಡ್

ಸೈಕಲ್ ಸವಾರರ ಚಡ್ಡಿಯ ಒಳಗೆ ಮೆತ್ತೆ ಇರುತ್ತದೆ. ಫಿಲಿಪಿನೋ ಹುಡುಗಿ "ಕೊಂಡುಕೋ ಅಕ್ಕಾ" ಎಂದಿದ್ದಳು. ಇಷ್ಟು ವರ್ಷ ಊರಿಗೆಲ್ಲ ಹೊಲಿದುಕೊಟ್ಟ ನಾನು ನನ್ನ ಚಡ್ಡಿ ಅಂಗಡಿಯಿಂದ ತರುವುದೇ? ಗೌನಿನ ಭುಜಕ್ಕೆ ಇಡುವ ಪ್ಯಾಡುಗಳನ್ನು ಜೋಡಿಸಿ ನಾನೇ ಹೊಲಿದೆ. ಸಲ್ವಾರಿನ ಒಳಗೆ ಅದು ಇರುವುದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಎರಡನೇ ದಿನ ಒಂದು ಪ್ಯಾಡಿನ ಹೊಲಿಗೆ ಬಿಟ್ಟಿತು. ಪೆಡಲ್ ತುಳಿದ ಹಾಗೆಲ್ಲ ಅದು ಸಲ್ವಾರಿನೊಳಗೆ ಕೆಳಗೆ ಕೆಳಗೆ ಜಾರಿ ಎಡ ಮೊಣಕಾಲಿಗೆ ಬಂದು ಕೂತಿತು. ತೆಗೆಯೋಣ ಎಂದುಕೊಳ್ಳುವಷ್ಟರಲ್ಲಿ ಕುರಿಮಂದೆ ಅಡ್ಡ ಬಂತು, ದಡಕ್ಕನೆ ಬಿದ್ದೆ. ಎಡ ಮೊಣಕಾಲಿನ ಮೇಲೆಯೇ! ಒಂದು ಗೀರೂ ಆಗಲಿಲ್ಲ.

ಅಂಗಡಿಯ ಚಡ್ಡಿಯಲ್ಲಿ ಈ ಸೌಲಭ್ಯ ಉಂಟಾ, ಹೇಳಿ.

ಒಂದು ಬೆರಳು

ಇಷ್ಟು ಹೊತ್ತು ನಮ್ಮವರು ಎಲ್ಲಿದ್ದರು ಎಂದು ನೀವು ಕೇಳಬೇಕು. ವ್ಯಾನಿನಲ್ಲಿದ್ದರು. ಪೆಟ್ಟಿಗೆ ಸಾಗಿಸುವ ಡ್ರೈವರನ ಸ್ನೇಹ ಬೆಳೆಸಿ ಮುಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದರು. ಪ್ರತಿ ಏರಿನಲ್ಲೂ ವ್ಯಾನ್ ನನ್ನ ಪಕ್ಕ ನಿಧಾನವಾಗುತ್ತಿತ್ತು, ಕಿಟಕಿಯಿಂದ ತಲೆ ಹೊರಬರುತ್ತಿತ್ತು. "ಎಂತ, ಬರ್ತೀಯಾ? ಒಳಗೆ ಹೀಟರ್ ಉಂಟು."

"ನೀವೇ ಬೆಂದುಕೊಳ್ಳಿ," ಎನ್ನುತ್ತಿದ್ದೆ.

ಅಲ್ಲಿ ಎದುರಿಗೆ ಬರುವ ಪ್ರತಿಯೊಬ್ಬ ಡ್ರೈವರನೂ ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತುತ್ತಿದ್ದ. ಕುವೈತಿನ ರಸ್ತೆಯಲ್ಲಿ ಬೆರಳು ಎತ್ತಿದರೆ ಜಗಳ ಎಂದೇ ಅರ್ಥ. ನನ್ನದು ಏನೋ ತಪ್ಪಾಗಿದೆ ಎಂದು ಪ್ರತಿ ಸಲ ಇಳಿದು ಚೈನ್ ನೋಡಿದೆ, ಚಕ್ರ ನೋಡಿದೆ, ದುಪಟ್ಟಾ ನೋಡಿದೆ. ಅದು ಅಲ್ಲಿಯ ನಮಸ್ಕಾರವಂತೆ, ಸಂಜೆ ನಮ್ಮ ವ್ಯಾನಿನ ಡ್ರೈವರ್ ಹೇಳಿದ.

ಮರುದಿನ ವ್ಯಾನ್ ಹಾದುಹೋಗುವಾಗ ನಮ್ಮವರು ತಲೆ ಹೊರಹಾಕಲಿಲ್ಲ. ಊರ ಪಟೇಲನ ಹಾಗೆ ಮುಂದೆ ನೋಡುತ್ತಾ ಒಂದು ಬೆರಳು ಎತ್ತಿದರು.

ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ನನಗೆ ಮೊದಲ ಸಲ ನಮಸ್ಕಾರ ಹೇಳಿದ್ದು ಅದೇ.

ಮಳೆ ನಿಲ್ಲಲಿ ಎಂದು

ಒಂದು ಬೆಳಿಗ್ಗೆ ಜೋರು ಮಳೆ. ಕುವೈತಿನಲ್ಲಿ ನಾಲ್ಕು ಹನಿ ಬಿದ್ದರೆ ಶಾಲೆಗೆ ರಜೆ. ಆ ಅಭ್ಯಾಸದಲ್ಲಿ ನಾನು ರೇನ್‌ಕೋಟ್ ತೊಟ್ಟು ಕಿಟಕಿಯ ಪಕ್ಕ ಕಾದು ಕೂತೆ. "ವ್ಯಾನ್ ರೆಡಿ ಉಂಟು," ಎಂದರು ನಮ್ಮವರು.

ನಾವು ಉಳಿದಿದ್ದ ಮನೆಯ ಒಡತಿ ಮೂರನೇ ಸಲ ಟೀ ತಂದಳು. "ಏನು ಕಾಯುತ್ತಿದ್ದೀರಿ?"

"ಮಳೆ ನಿಲ್ಲಲಿ ಎಂದು."

"ಅಯ್ಯೋ, ಅದಕ್ಕೆ ಕಾದು ಕೂತರೆ ನಿಮಗೆ ಈ ದೇಶದ ಪೌರತ್ವವೇ ಸಿಕ್ಕೀತು!"

ತಕ್ಷಣ ಎದ್ದು ಹೊರಟೆ. ಬಿಸಿಲಿನ ದೇಶದಲ್ಲಿ ಅರ್ಧ ಆಯುಷ್ಯ ಕಳೆದರೂ ವರ್ಷ ವರ್ಷ ಇಕಾಮಾ ಎಂಬ ವಾಸದ ಪರವಾನಗಿ ಹಿಡಿದು ಕ್ಯೂ ನಿಲ್ಲುವವಳು ನಾನು. ಮಳೆ ನಿಲ್ಲಲೆಂದು ಕಾದು ಸಿಗುವ ಪೌರತ್ವ ನನಗೆ ಬೇಡ.

ಕೊನೆಯ ಏರು

ಕೊನೆಯ ದಿನ. ಸಂಜೆಯೊಳಗೆ ಕಡಲ ಬದಿಯ ಮನೆ ಸೇರಿದರೆ ನಾನು ಗೆದ್ದ ಹಾಗೆ. ದಾರಿ ಎರಡಾಗುವ ಕಡೆ ಬಲಕ್ಕೆ ತಿರುಗಿದೆ. ಎದುರಿಗೆ ಗೋಡೆಯ ಹಾಗೆ ಏರು, ಮೇಲಿನಿಂದ ತಳ್ಳುವ ಗಾಳಿ. ಅರ್ಧದಲ್ಲಿ ಕಾಲು ಸೋತಿತು. ಇಳಿದು ಸೈಕಲ್ ತಳ್ಳತೊಡಗಿದೆ.

ಹಿಂದಿನಿಂದ ಹಾರನ್ ಹೊಡೆಯುತ್ತಾ ವ್ಯಾನ್ ಬಂತು. ನಮ್ಮವರು ಸೊಂಟದವರೆಗೆ ಹೊರಗೆ ಬಂದು ಕೈ ಬೀಸುತ್ತಿದ್ದರು. "ಹೇ, ನಿಲ್ಲು! ಕೇಳು ಮಾರಾಯ್ತಿ!"

"ಕೇಳುವುದಿಲ್ಲ! ಹತ್ತು ಎಂದರೆ ನೋಡಿ!"

"ಹತ್ತಬೇಡ! ಕೆಳಗೆ ಹೋಗು! ಕೆಳಗಿನಿಂದ..."

ನನಗೆ ಉರಿದುಹೋಯಿತು. ತಳ್ಳಿಕೊಂಡು ಹೋದರೆ ಲೆಕ್ಕಕ್ಕಿಲ್ಲ, ಕೆಳಗಿನಿಂದ ತುಳಿದುಕೊಂಡು ಬಾ ಎಂದಲ್ಲವೇ ಇವರ ಮಾತು? ಆಗಲಿ! ಸೈಕಲ್ ತಿರುಗಿಸಿ ಸರ್ರನೆ ಕೆಳಗೆ ಹೋದೆ. ಬುಡದಲ್ಲಿದ್ದ ಒಂದು ಗೇಟಿನ ಮುಂದೆ ತಿರುಗಿ ಮತ್ತೆ ಏರತೊಡಗಿದೆ.

ನಮ್ಮವರು ತಲೆಯ ಮೇಲೆ ಕೈ ಹೊತ್ತರು. ಈ ಸಲ ಮುಕ್ಕಾಲು ಏರಿದೆ, ಕಾಲು ನೆಲಕ್ಕೆ ತಾಗಿತು. "ಕೆಳಗೆ!" ಎಂದು ಇವರು ಮತ್ತೆ ಕಿರುಚಿದರು. ಮತ್ತೆ ಇಳಿದೆ, ಮತ್ತೆ ತಿರುಗಿದೆ.

"ನಿಮ್ಮ ಹೆಂಡತಿ ಏನು ಮಾಡುತ್ತಿದ್ದಾರೆ?" ಎಂದು ಡ್ರೈವರ್ ಕೇಳಿದನಂತೆ.

"ನನಗೆ ಬುದ್ಧಿ ಕಲಿಸುತ್ತಿದ್ದಾಳೆ," ಎಂದರಂತೆ ಇವರು.

ಮೂರನೇ ಸಲ ಕಾಲು ನೆಲಕ್ಕೆ ತಾಗದೆ ತುದಿ ಮುಟ್ಟಿದೆ. ಮೇಲೆ ಒಂದು ಕುರಿಗೇಟು, ಅದರಾಚೆ ದಾರಿಯೇ ಇಲ್ಲ. ಸುತ್ತ ಕಣ್ಣು ಹಾಯುವಷ್ಟೂ ಕಡಲು. ವ್ಯಾನಿನಿಂದ ಇವರು ಇಳಿದು ಬಂದರು.

"ಇದು ನಮ್ಮ ದಾರಿ ಅಲ್ಲ! ತಪ್ಪಿ ಬಂದಿದ್ದೀ ಎಂದು ಹೇಳುವುದಕ್ಕೇ ಬೆನ್ನು ಹತ್ತಿ ಬಂದದ್ದು. ಉಳಿಯುವ ಮನೆ ಕೆಳಗೆ ಉಂಟು, ನೀನು ಎರಡು ಸಲ ಸೈಕಲ್ ತಿರುಗಿಸಿದೆಯಲ್ಲ, ಅದೇ ಗೇಟಿನೊಳಗೆ!"

"ಕೇಳುವ ಹಾಗೆ ಹೇಳಬೇಕಿತ್ತು," ಎಂದೆ.

"ಸರಿ, ಪ್ರವಾಸ ಮುಗಿಯಿತಲ್ಲ. ಇನ್ನಾದರೂ ವ್ಯಾನ್ ಹತ್ತು."

ಹತ್ತಲಿಲ್ಲ. ಸೈಕಲಿನಲ್ಲೇ ಇಳಿದೆ. ಬಾಗಿಲು ತೆಗೆದ ಆ ಮನೆಯ ಒಡತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಮೊದಲ ಸಲ ಗೇಟಿಗೆ ಬಂದಾಗ ನೀರು ಕಾಯಲು ಇಟ್ಟೆ, ತಿರುಗಿ ಹೋದಿರಿ. ಎರಡನೇ ಸಲ ಮತ್ತೆ ಇಟ್ಟೆ, ಮತ್ತೆ ಹೋದಿರಿ. ಈಗ ನಿಜವಾಗಿ ಒಳಗೆ ಬರುತ್ತೀರೋ, ಇಲ್ಲ ಮನೆ ಇನ್ನೂ ಇಷ್ಟವಾಗಲಿಲ್ಲವೋ?"

ನಮ್ಮವರು ಪಿಕ್ನಿಕ್ಕಿನಲ್ಲಿ ಮೈಕ್ ಹಿಡಿದು ಇದನ್ನೆಲ್ಲ ಹೇಳಿದರು, ಜನ ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, "ಅಣ್ಣಾ, ಹಾಗಾದರೆ ಕೊನೆಗೂ ಅಕ್ಕ ವ್ಯಾನ್ ಹತ್ತಲಿಲ್ಲವಾ?" ಇವರು ಮೈಕನ್ನು ನನ್ನ ಕೈಗೆ ಕೊಟ್ಟು ಕೂತರು.

ಈಗ ನನ್ನ ಫ್ಲ್ಯಾಟಿನ ಬಾಲ್ಕನಿಯಲ್ಲಿ ನನ್ನದೇ ಸ್ವಂತದ ಒಂದು ಹಸಿರು ಸೈಕಲ್ ಉಂಟು. ಆ ಪ್ರವಾಸಕ್ಕೂ ಈ ಸೈಕಲಿಗೂ ತೆತ್ತದ್ದು ಎರಡು ಚಿನ್ನದ ಬಳೆ ಮತ್ತು ಹೆಬ್ಬೆರಳಿನ ಒಂದು ಉಗುರು. ಉಗುರು ತಾನಾಗಿ ಬೆಳೆದು ಬಂತು. ಬಳೆ ನಾನು ಮತ್ತೆ ಮಾಡಿಸಲಿಲ್ಲ, ಹ್ಯಾಂಡಲ್ ಹಿಡಿಯುವಾಗ ಅಡ್ಡ ಬರುತ್ತವೆ.