ಒಂಬೈನೂರ ಹನ್ನೊಂದು ರೊಟ್ಟಿ

ನನ್ನ ಅಕ್ಷರ ಕೋಳಿ ಕೆದರಿದಂತಿದೆ, ಮಾತೂ ಅಷ್ಟೇ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು, ಹೊಂದಿಸಿಕೊಂಡು ಓದಿ. (ಎರಡು ಸಲ ತಿದ್ದಿ ಬರೆದಿದ್ದೇನೆ.)

ಜೇವರ್ಗಿಯಲ್ಲಿ ನಮ್ಮ ಅಮ್ಮಿ ಗೌಸಿಯಾಬೇಗಂ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಬೇಕಾದವರು ಫೋನಿನ ಗುಂಪಿನಲ್ಲಿ ಬರೆದು ತಿಳಿಸುತ್ತಾರೆ. ಗುಲಾಬಿ ಹೂವು, ಶುಭೋದಯ, ಮೊಮ್ಮಗನಿಗೆ ಹಲ್ಲು ಬಂದ ಸುದ್ದಿ, ಇವುಗಳ ನಡುವೆ ಆರ್ಡರ್ ಹುಡುಕುವುದೆಂದರೆ ಜೋಳದಲ್ಲಿ ಹರಳು ಆರಿಸಿದಂತೆ. ಅದಕ್ಕೆ ನನಗೊಂದು ಮಹೋಪಾಯ ಹೊಳೆಯಿತು. ವಿಡಿಯೊ ನೋಡಿ ಕಲಿತ ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಜರಡಿ: ಯಾವ ಮಾದರಿಯ ಅಕ್ಷರ ಬೇಕೆಂದು ಹೇಳಿದರೆ ಅಂಥವನ್ನೇ ಹೆಕ್ಕಿ ಕೊಡುತ್ತದೆ.

‘ನೋಡು ಇರಮ, ತಪ್ಪಿತಂದ್ರ ಫೋನ್ ನನ್ನ ಕೈಗೆ, ಹಿಟ್ಟು ನಿನ್ನ ಕೈಗೆ,’ ಎಂದಳು ಅಮ್ಮಿ.

ನನ್ನ ರೊಟ್ಟಿಗೆ ಹಂಚೂ ಹೆದರುತ್ತದೆ. ಹೀಗಾಗಿ ಮೂರು ದಿನ ಕುಳಿತು ಸಂದೇಶಗಳಿಂದ ತಾರೀಖು, ವೇಳೆ, ಫೋನ್ ನಂಬರು ಎಲ್ಲವನ್ನೂ ಸೋಸಿ ತೆಗೆದೆ. ಉಳಿದುದರಲ್ಲಿ ‘ಪ್ರತಿ ಸಂದೇಶದ ಮೊದಲ ಸಂಖ್ಯೆಯನ್ನು ಹಿಡಿದು ಕೂಡಿಸು’ ಎಂದು ಆಜ್ಞೆ ಹೊರಡಿಸಿದೆ. ಗುರುವಾರ ಸಂಜೆ ಉತ್ತರ ಬಂತು: ನಾಳೆಗೆ ಒಟ್ಟು 911.

ನಸುಕಿನಲ್ಲೇ ಅಮ್ಮಿ ಪಕ್ಕದ ಮನೆಯ ರಮಾಬಾಯಿಯವರನ್ನೂ ಅವರ ಇಬ್ಬರು ಸೊಸೆಯರನ್ನೂ ಕರೆತಂದಳು.

‘ಯಾರ ಮನ್ಯಾಗ ಲಗ್ನ ಐತ್ರಿ, ಗೌಸಿಯಾಬೀ?’ ರಮಾಬಾಯಿ ಕೇಳಿದರು.

‘ಯಾರಿಗ್ಗೊತ್ರಿ. ನಮ್ಮ ಹುಡುಗಿ ಮಷಿನ್ ಹೇಳೈತಿ, ಬಡೀರಿ.’

ನಾಲ್ಕುನೂರು ದಾಟುವಷ್ಟರಲ್ಲಿ ನೆಲೋಗಿಯ ಶರಫುದ್ದೀನ ಚಾಚಾ ಸಣ್ಣದೊಂದು ಚೀಲ ಹಿಡಿದು ಬಂದರು.

‘ನಮ್ಮ ನಲವತ್ತು ತಯಾರದಾವೇನ್ರಿ, ಭಾಬಿ?’

‘ನಲವತ್ತೇ?’

‘ಮಗಳನ್ನ ನೋಡಾಕ ಐದು ಮಂದಿ ಬರಾಕತ್ತಾರ. ಹತ್ತಿಪ್ಪತ್ತು ಉಳೀತಾವ.’

ಅಮ್ಮಿ ನನ್ನ ಕಡೆ ತಿರುಗಿದಳು. ‘ಉಳಿದವರು ಎಷ್ಟು ಹೇಳ್ಯಾರಬೇ?’

‘ಒಬ್ಬರು ಅರವತ್ತು. ಇನ್ನೊಬ್ಬರು ಅರವತ್ತೈದು.’ ಹೇಳುತ್ತಲೇ ಬೆರಳು ಮಡಿಚಿ ಕೂಡಿಸತೊಡಗಿದೆ.

ಅಮ್ಮಿ ಫೋನ್ ಕಸಿದು ಚಾಚಾನ ಸಂದೇಶ ಓದಿದಳು: ‘786. ಅಸ್ಸಲಾಮು ಅಲೈಕುಂ. 40 ರೊಟ್ಟಿ ಬೇಕು.’

ಅಲ್ಲಾಹನ ಹೆಸರಿನಿಂದ ಆರಂಭಿಸುವ ಗುರುತಾಗಿ ನಮ್ಮವರು ಮೇಲೆ 786 ಬರೆಯುತ್ತಾರೆ. ನನ್ನ ಜರಡಿ ಅದನ್ನೂ ರೊಟ್ಟಿಯೆಂದೇ ಎಣಿಸಿತ್ತು.

‘ನಮ್ಮ ಮನಿ ಹುಡುಗಿ ಆಗಿದ್ರ ಗೊತ್ತಿಲ್ಲ ಅನ್ನಬಹುದಿತ್ತು,’ ಎಂದು ರಮಾಬಾಯಿ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕರು.

ಎಷ್ಟು ಜತನದಿಂದ ಕೆಲಸ ಮಾಡಿದ್ದೇನೆಂದು ತೋರಿಸಿ ಪಾರಾಗಲು ನನ್ನ ನೋಟ್‌ಬುಕ್ ತಂದುಕೊಟ್ಟೆ. ಅಮ್ಮಿ ತೆರೆದಳು. ಆಜ್ಞೆ ಬರೆದ ಪುಟದ ನೆತ್ತಿಯ ಮೇಲೆ, ನನ್ನದೇ ಕೈಬರಹದಲ್ಲಿ, ಹಸಿರು ಪೆನ್ನಿನಿಂದ ಎರಡೆರಡು ಸಲ ತೀಡಿದ 786 ಇತ್ತು.

‘ಶಾಣ್ಯಾಕಿ,’ ಎಂದಷ್ಟೇ ಹೇಳಿ ಅಮ್ಮಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸಂಖ್ಯೆಯ ಮುಂದೆ ‘ರೊಟ್ಟಿ’ ಎಂದಿದ್ದರೆ ಮಾತ್ರ ಹಿಡಿ ಎಂದು ಆಜ್ಞೆಯನ್ನು ಕಾಗದದ ಮೇಲೆ ತಿದ್ದಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಐದಕ್ಕೆ ಎದ್ದು ಹಿಟ್ಟು ನಾದುತ್ತೇನೆ.